ಹೀಬ್ರೂ ಪ್ರವಾದಿಗಳಲ್ಲಿ ನಾಚಿಕೆ ಮತ್ತು ತಿರುಗಿಬರುವಿಕೆ: ಓದುವುದು ಹೇಗೆ?

‘ಪ್ರವಾದಿಗಳು ಮಾತುಮಾತಿಗೂ ನಾಚಿಕೆಪಡಿರಿ ಎನ್ನುತ್ತಾರಲ್ಲ, ಎಷ್ಟು ನಾಚಿಕೆಪಟ್ಟರೆ ದೇವರಿಗೆ ಸಾಕಾಗುತ್ತದೆ?’ ಸತ್ಯವೇದದ, ಅಂದರೆ ಬೈಬಲಿನ, ಪ್ರವಾದಿಗಳ ಕುರಿತು ಬರೆದಾಗಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಓದುಗರಿಂದ ಬರುತ್ತದೆ. ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: ‘ಕ್ಷಮಿಸಿದ ಮೇಲೂ ಯೆಹೆಜ್ಕೇಲನ ದೇವರು ನಾಚಿಕೊಳ್ಳಿರಿ ಎನ್ನುವುದೇಕೆ? ಆ ಕ್ಷಮೆ ಪೂರ್ಣವಲ್ಲವೇ?’

ಎರಡೂ ಪ್ರಶ್ನೆಗಳ ಹಿಂದೆ ಒಂದೇ ಊಹೆಯಿದೆ. ನಾಚಿಕೆಯೆನ್ನುವುದು ದೇವರ ಬಾಗಿಲಲ್ಲಿ ಕಟ್ಟಬೇಕಾದ ಸುಂಕ, ಅದನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ ಒಳಗೆ ಪ್ರವೇಶ ಎಂಬುದು ಆ ಊಹೆ. ಪ್ರವಾದಿಗಳ ಮಾತನ್ನು ಬಿಡಿಬಿಡಿ ವಚನಗಳಾಗಿ ಕೇಳಿಕೊಂಡು ಬಂದವರಿಗೆ ಹಾಗನ್ನಿಸುವುದು ಸಹಜ. ಆದರೆ ಅದೇ ಭಾಗಗಳನ್ನು ಕ್ರಮವಾಗಿ, ಮೂಲದ ಪದಗಳ ಮೇಲೊಂದು ಕಣ್ಣಿಟ್ಟು ಓದಿದರೆ ಆ ಊಹೆ ನಿಲ್ಲುವುದಿಲ್ಲ. ಕೆಳಗಿರುವುದು ಹಾಗೆ ಓದುವ ಕ್ರಮ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಹಿಡಿಯಬಹುದು. ಈ ಗ್ರಂಥಗಳನ್ನು ಮೊದಲ ಸಲ ತೆರೆಯುತ್ತಿರುವವರೂ ಇದನ್ನು ಓದಬಹುದೆಂದು ಭಾವಿಸಿ ಪರಿಭಾಷೆಯನ್ನು ಬಿಡಿಸಿ ಹೇಳಿದ್ದೇನೆ.

ಕೈಯಲ್ಲಿ ಇರಬೇಕಾದದ್ದು

ಕನ್ನಡ ಸತ್ಯವೇದದ ಒಂದು ಪ್ರತಿ ಸಾಕು. ಎರಡು ಬೇರೆ ಬೇರೆ ಅನುವಾದಗಳು ಸಿಕ್ಕರೆ ಇನ್ನೂ ಒಳ್ಳೆಯದು. ದೇವರ ಹೆಸರು ನಿಮ್ಮ ಪ್ರತಿಯಲ್ಲಿ ಯೆಹೋವ ಎಂದಿರಲಿ, ಕರ್ತ ಎಂದಿರಲಿ, ಸರ್ವೇಶ್ವರ ಎಂದಿರಲಿ, ನಮ್ಮ ಕೆಲಸಕ್ಕೆ ವ್ಯತ್ಯಾಸವಾಗುವುದಿಲ್ಲ. ಒಂದು ನೋಟ್‌ಬುಕ್ ಮತ್ತು ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ: ಕೆಂಪು ನಾಚಿಕೆಯ ಪದಗಳಿಗೆ, ನೀಲಿ ತಿರುಗುವಿಕೆಯ ಪದಗಳಿಗೆ.

ವಚನ ಸಂಖ್ಯೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹೀಬ್ರೂ ಪ್ರತಿಗಳ ಎಣಿಕೆಯೂ ನಮ್ಮ ಕನ್ನಡ ಪ್ರತಿಗಳ ಎಣಿಕೆಯೂ ಕೆಲವೆಡೆ ಹೊಂದುವುದಿಲ್ಲ. ಕನ್ನಡದಲ್ಲಿ ಹೋಶೇಯ 14:1 ಆಗಿರುವುದು ಹೀಬ್ರೂವಿನಲ್ಲಿ 14:2. ಯೆಹೂದಿ ವ್ಯಾಖ್ಯಾನಗಳನ್ನು ಜೊತೆಗಿಟ್ಟುಕೊಂಡು ಓದುವವರು ‘ವಚನ ತಪ್ಪಾಗಿದೆ’ ಎಂದು ಗಾಬರಿಯಾಗುವುದು ಇಲ್ಲಿಯೇ. ಈ ಲೇಖನದಲ್ಲಿ ಕನ್ನಡ ಪ್ರತಿಯ ಎಣಿಕೆಯನ್ನೇ ಅನುಸರಿಸಿದ್ದೇನೆ. ವಚನಗಳ ಸಾರವನ್ನು ನನ್ನ ಮಾತಿನಲ್ಲಿ ಕೊಟ್ಟಿರುವುದರಿಂದ ನಿಮ್ಮ ಪ್ರತಿಯ ಪದಗಳು ಬೇರೆಯಾಗಿ ಕಾಣಬಹುದು.

1. ಮಾತು ಯಾವ ಕಾಲದ್ದೆಂದು ಗುರುತು ಹಾಕಿ

ಪ್ರವಾದಿಯೆಂದರೆ ಭವಿಷ್ಯ ಹೇಳುವವನು ಎಂಬ ಅರ್ಥವನ್ನು ಸದ್ಯಕ್ಕೆ ಬದಿಗಿಡಿ. ಇಲ್ಲಿ ಪ್ರವಾದಿ ದೇವರ ಪರವಾಗಿ ನಿಂತು ಜನರ ಮೇಲೆ ದೂರು ಹೊರಿಸುವವನು. ಎಷ್ಟೋ ಸಲ ಜನರ ಪರವಾಗಿ ದೇವರ ಎದುರು ನಿಲ್ಲುವವನೂ ಅವನೇ.

ನೋಟ್‌ಬುಕ್ಕಿನಲ್ಲಿ ಮೂರು ಇಸವಿಗಳನ್ನು ಬರೆದುಕೊಳ್ಳಿ. ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರ್ಯರು ಉತ್ತರದ ಇಸ್ರಾಯೇಲ್ ರಾಜ್ಯವನ್ನು ಮುಗಿಸಿದರು. 597ರಲ್ಲಿ ಬಾಬಿಲೋನಿನವರು ಯೆರೂಸಲೇಮಿನಿಂದ ರಾಜನನ್ನೂ ಪ್ರಮುಖರನ್ನೂ ಮೊದಲು ಸೆರೆ ಒಯ್ದರು. ಯೆಹೆಜ್ಕೇಲ ಹೋದದ್ದು ಈ ಗುಂಪಿನಲ್ಲಿ. 586ರಲ್ಲಿ, ಕೆಲವರ ಲೆಕ್ಕದಂತೆ 587ರಲ್ಲಿ, ಪಟ್ಟಣವೂ ದೇವಾಲಯವೂ ಸುಟ್ಟುಹೋದವು. ಆಮೋಸ ಮತ್ತು ಹೋಶೇಯ ಮೊದಲ ಪತನಕ್ಕೆ ಮುಂಚಿನವರು. ಯೆರೆಮೀಯ ಯೆರೂಸಲೇಮಿನ ಪತನವನ್ನು ಕಣ್ಣಾರೆ ಕಂಡವನು. ಜೆಕರ್ಯ ಮತ್ತು ಮಲಾಕಿಯ ಸೆರೆಯಿಂದ ಮರಳಿದವರ ನಡುವೆ ಮಾತಾಡಿದವರು.

ಇದು ಏಕೆ ಮುಖ್ಯವೆಂದರೆ, ಇನ್ನೂ ತಪ್ಪಿಸಿಕೊಳ್ಳಬಹುದಾದವರಿಗೆ ‘ನಾಚಿಕೆಪಡಿರಿ’ ಎನ್ನುವುದು ಎಚ್ಚರಿಕೆಯ ಮಾತು. ಮನೆಮಠ ಕಳೆದುಕೊಂಡು ಪರದೇಶದಲ್ಲಿ ಕೂತವರಿಗೆ ಅದೇ ಮಾತು ಬೇರೆಯೇ ಆಗಿ ಕೇಳಿಸುತ್ತದೆ.

2. ಪದಗಳನ್ನು ಬಿಡಿಸಿಕೊಳ್ಳಿ

ಈ ಹಂತವನ್ನು ಹಾರಿಸಬೇಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ತಿರುಗುವಿಕೆಯ ಪದ ‘ಶೂವ್’. ಹೀಬ್ರೂ ಗ್ರಂಥಗಳಲ್ಲಿ ಸಾವಿರಕ್ಕೂ ಹೆಚ್ಚು ಸಲ ಬರುವ ತೀರಾ ಸಾಮಾನ್ಯ ಕ್ರಿಯಾಪದವಿದು. ಊರಿಗೆ ಮರಳುವುದು, ಹೋದ ದಾರಿಯಲ್ಲೇ ವಾಪಸ್ಸು ಬರುವುದು, ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು ಎಲ್ಲಕ್ಕೂ ಇದೇ. ನಾವು ಬಳಸುವ ‘ಪಶ್ಚಾತ್ತಾಪ’ ಸಂಸ್ಕೃತದ ಪದ; ಆಮೇಲೆ ಹುಟ್ಟುವ ತಾಪ, ಅಂದರೆ ಒಂದು ಮನಃಸ್ಥಿತಿ. ಸತ್ಯವೇದದ ಕನ್ನಡದಲ್ಲಿ ರೂಢಿಯಾಗಿರುವ ‘ಮಾನಸಾಂತರ’ವೂ ಮನಸ್ಸಿನೊಳಗೆ ನಡೆಯುವ ಕೆಲಸವೇ. ಶೂವ್ ಕಾಲಿಗೆ ಸಂಬಂಧಿಸಿದ ಪದ. ನೀವು ಹೇಗಿದ್ದೀರಿ ಎಂಬುದಕ್ಕಿಂತ ಯಾವ ಕಡೆಗೆ ಹೊರಟಿದ್ದೀರಿ ಎಂಬುದನ್ನು ಅದು ಕೇಳುತ್ತದೆ. ಯೆಹೂದಿಗಳು ಪಶ್ಚಾತ್ತಾಪಕ್ಕೆ ಇಂದಿಗೂ ಬಳಸುವ ‘ತೆಶುವಾ’ ಇದೇ ಧಾತುವಿನಿಂದ ಬಂದದ್ದು.

ಇಲ್ಲಿ ಕನ್ನಡ ನಮಗೊಂದು ಅನುಕೂಲ ಮಾಡಿಕೊಟ್ಟಿದೆ. ಹೀಬ್ರೂವಿನಲ್ಲಿ ದೇವರನ್ನು ಬಿಟ್ಟುಹೋಗುವುದಕ್ಕೂ ದೇವರ ಬಳಿಗೆ ಬರುವುದಕ್ಕೂ ಒಂದೇ ಧಾತು. ‘ಮೆಶೂವಾ’ ಎಂದರೆ ವಿಮುಖತೆ. ಯೆರೆಮೀಯ 3:14ರಲ್ಲಿ ಬರುವ ‘ಶೂವು ಬಾನೀಮ್ ಶೋವಾವೀಮ್’ ಎಂಬ ಕರೆಯ ಶಬ್ದಚಮತ್ಕಾರ ಅನೇಕ ಭಾಷೆಗಳಲ್ಲಿ ಕಳೆದುಹೋಗುತ್ತದೆ. ಕನ್ನಡದಲ್ಲಿ ‘ತಿರುಗಿಬಿದ್ದ ಮಕ್ಕಳೇ, ತಿರುಗಿ ಬನ್ನಿ’ ಎಂದರೆ ಮುಗಿಯಿತು. ತಿರುಗಿಬೀಳುವುದು ದಂಗೆ, ತಿರುಗಿಬರುವುದು ಮರಳುವಿಕೆ. ಎರಡರ ಒಳಗೂ ಇರುವುದು ಒಂದೇ ‘ತಿರುಗು’.

ನಾಚಿಕೆಯ ಪದಗಳು ಮುಖ್ಯವಾಗಿ ಮೂರು. ‘ಬೋಶ್’ ಎಂದರೆ ನಾಚಿಕೆಗೀಡಾಗು, ನಂಬಿದ್ದು ಕೈಕೊಟ್ಟು ಮುಖಭಂಗವಾಗು. ‘ಕೆಲಿಮ್ಮಾ’ ಎಂದರೆ ಇತರರ ಎದುರು ಆಗುವ ಅವಮಾನ. ‘ಹೆರ್ಪಾ’ ಎಂದರೆ ಜನ ಆಡಿಕೊಳ್ಳುವ ನಿಂದೆ. ಇವುಗಳ ಪಕ್ಕಕ್ಕೆ ‘ನಿಹಮ್’ ಎಂಬ ಪದವನ್ನೂ ಬರೆದುಕೊಳ್ಳಿ: ಮನಮರುಗು, ಮನಸ್ಸು ಬದಲಿಸು. ಇದೇ ಧಾತು ಬೇರೆ ರೂಪದಲ್ಲಿ ‘ಸಂತೈಸು’ ಎಂದೂ ಆಗುತ್ತದೆ. ಯೆಶಾಯ 40:1ರ ‘ನನ್ನ ಜನರನ್ನು ಸಂತೈಸಿರಿ’ ಎಂಬಲ್ಲಿ ಇರುವುದು ಅದೇ.

ಎಡವುವ ಜಾಗ: ಕನ್ನಡದ ‘ನಾಚಿಕೆ’ಗೆ ಮದುಮಗಳ ಸಂಕೋಚದ ಅರ್ಥವೂ ಉಂಟು, ಹೊಸಬರ ಮುಂದೆ ಮಾತಾಡಲಾರದ ಮಗುವಿನ ಹಿಂಜರಿಕೆಯ ಅರ್ಥವೂ ಉಂಟು. ಪ್ರವಾದಿಗಳ ಪುಟಗಳಲ್ಲಿ ಈ ಮೃದುವಾದ ಅರ್ಥ ಇಲ್ಲ. ‘ಮಾನ ಹೋಯಿತು’, ‘ಮುಖ ಎತ್ತಿ ತಿರುಗಲಾರೆ’ ಎನ್ನುತ್ತೇವಲ್ಲ, ಅದಕ್ಕೆ ಹತ್ತಿರವಾದದ್ದು ಇದೆ.

3. ಬಂದೊದಗಿದ ಅವಮಾನವನ್ನೂ ಇರಬೇಕಾದ ನಾಚಿಕೆಯನ್ನೂ ಬೇರ್ಪಡಿಸಿ

ಈಗ ಕೆಂಪು ಗುರುತು ಹಾಕಿದ ಒಂದೊಂದು ಕಡೆಯೂ ನಿಂತು ಕೇಳಿ: ಇದು ಜನರ ಮೇಲೆ ಬಂದು ಬಿದ್ದ ಅವಮಾನವೋ, ಅವರೊಳಗೆ ಇರಬೇಕಾಗಿದ್ದ ನಾಚಿಕೆಯೋ?

ಮೊದಲನೆಯದಕ್ಕೆ ಯೆಶಾಯ 54:4 ನೋಡಿ. ಹೆದರಬೇಡ, ನೀನು ಇನ್ನು ನಾಚಿಕೆಗೀಡಾಗುವುದಿಲ್ಲ, ಯೌವನದ ಅವಮಾನವನ್ನು ಮರೆತುಬಿಡುವೆ ಎಂದು ಗಂಡ ಬಿಟ್ಟ ಹೆಂಗಸಿನ ರೂಪದಲ್ಲಿರುವ ಯೆರೂಸಲೇಮಿಗೆ ಹೇಳಲಾಗಿದೆ. ಯೋವೇಲ 2:26–27 ಕೂಡ ಇದೇ ಜಾತಿಯದು: ಮಿಡತೆ ತಿಂದ ವರ್ಷಗಳ ನಂತರ ಹೊಟ್ಟೆ ತುಂಬಾ ಊಟ, ನನ್ನ ಜನ ಇನ್ನೆಂದಿಗೂ ನಾಚಿಕೆಗೀಡಾಗರು ಎಂಬ ಮಾತು. ಈ ನಾಚಿಕೆಯನ್ನು ದೇವರು ತೆಗೆದುಹಾಕುತ್ತಾನೆ.

ಎರಡನೆಯದಕ್ಕೆ ಯೆರೆಮೀಯ 6:13–15 ಓದಿ. ಇದೇ ಮಾತು 8:10–12ರಲ್ಲಿ ಬಹುಮಟ್ಟಿಗೆ ಹಾಗೆಯೇ ಮತ್ತೆ ಬರುತ್ತದೆ. ಪ್ರವಾದಿಯೂ ಯಾಜಕನೂ, ಅಂದರೆ ದೇವಾಲಯದ ಪೂಜಾರಿಯೂ, ವಂಚನೆ ನಡೆಸುತ್ತಾರೆ. ಜನರ ಗಾಯಕ್ಕೆ ಮೇಲೆಮೇಲೆ ಮದ್ದು ಹಚ್ಚಿ, ಕ್ಷೇಮವಿಲ್ಲದಿದ್ದರೂ ‘ಕ್ಷೇಮ, ಕ್ಷೇಮ’ ಎನ್ನುತ್ತಾರೆ. ಇಂಥ ಅಸಹ್ಯ ಮಾಡಿ ನಾಚಿಕೆಪಟ್ಟರೇ? ಇಲ್ಲ, ಮುಖ ಕೆಂಪಾಗುವುದು ಹೇಗೆಂದೇ ಅವರಿಗೆ ತಿಳಿಯದು. ಹೀಬ್ರೂವಿನಲ್ಲಿ ಇಲ್ಲಿರುವುದು ‘ತಿಳಿ’ ಎಂಬ ಕ್ರಿಯಾಪದವೇ. ನಾಚಿಕೊಳ್ಳುವುದು ಒಂದು ಬಲ್ಲವಿಕೆ ಎಂಬಂತೆ, ಅಭ್ಯಾಸ ತಪ್ಪಿದರೆ ಮರೆತುಹೋಗುವ ವಿದ್ಯೆ ಎಂಬಂತೆ ಯೆರೆಮೀಯ ಮಾತಾಡುತ್ತಾನೆ. ಪಾಪ ಮಾಡಿದರೆಂಬ ದೂರಿಗಿಂತ ಈ ದೂರು ಭಾರವಾದದ್ದು. 8:6ರಲ್ಲಿ ಅವನು ಕಿವಿಗೊಟ್ಟು ಕಾಯುವುದು ಒಂದು ಸಣ್ಣ ಮಾತಿಗೆ: ‘ನಾನು ಮಾಡಿದ್ದೇನು?’ ಹೀಬ್ರೂವಿನಲ್ಲಿ ಎರಡೇ ಪದ. ಅದನ್ನು ಹೇಳುವವರು ಸಿಗಲಿಲ್ಲ.

ನಾಚಿಕೆ ಸತ್ತ ಮುಖ ಹೇಗಿರುತ್ತದೆಂದು ನೋಡಬೇಕಾದರೆ ಯೆರೆಮೀಯ 36ನ್ನು ನಿಧಾನವಾಗಿ ಓದಿ. ಒಂಬತ್ತನೆಯ ತಿಂಗಳು, ಚಳಿಗಾಲ. ಪಟ್ಟಣದಲ್ಲಿ ಉಪವಾಸದ ದಿನವೆಂದು ಸಾರಿದ್ದಾರೆ. ಯೆರೆಮೀಯ ಹೇಳಿ ಬಾರೂಕನು ಬರೆದ ಸುರುಳಿಯನ್ನು ದೇವಾಲಯದಲ್ಲಿ ಓದಲಾಗುತ್ತದೆ, ಅದು ಅರಮನೆಗೂ ತಲುಪುತ್ತದೆ. ಯೆಹೋಯಾಕೀಮ ರಾಜ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಾನೆ. ಯೆಹೂದಿ ಎಂಬ ಹೆಸರಿನ ಅಧಿಕಾರಿ ಮೂರು ನಾಲ್ಕು ಅಂಕಣ ಓದುತ್ತಿದ್ದಂತೆ, ರಾಜ ಲೇಖಕರ ಚಾಕುವಿನಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಹೀಗೆ ಇಡೀ ಸುರುಳಿ ಮುಗಿಯುತ್ತದೆ. ಮೂವರು ಬೇಡವೆಂದು ಕೇಳಿಕೊಂಡರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಯಾರೂ ಬಟ್ಟೆ ಹರಿದುಕೊಳ್ಳಲಿಲ್ಲ ಎಂದು ಬರೆದವನು ಸೇರಿಸುತ್ತಾನೆ. ಇದೇ ರಾಜನ ತಂದೆ ಯೋಷೀಯನ ಮುಂದೆ ಧರ್ಮಶಾಸ್ತ್ರದ ಗ್ರಂಥವನ್ನು ಓದಿದಾಗ ಅವನು ತನ್ನ ಬಟ್ಟೆಯನ್ನು ಹರಿದುಕೊಂಡಿದ್ದನು. ಅರಸುಗಳ ಎರಡನೆಯ ಭಾಗ, 22:11 ನೋಡಿ. ಹೀಬ್ರೂವಿನಲ್ಲಿ ಬಟ್ಟೆ ಹರಿಯುವುದಕ್ಕೂ ಸುರುಳಿ ಕತ್ತರಿಸುವುದಕ್ಕೂ ಬಳಸಿರುವುದು ಒಂದೇ ಕ್ರಿಯಾಪದ. ತಂದೆ ತನ್ನ ಬಟ್ಟೆ ಹರಿದ, ಮಗ ಗ್ರಂಥವನ್ನು ಹರಿದ.

ಎಡವುವ ಜಾಗ: ಕಷ್ಟ ಬಂದರೆ ಜನ ತಾವಾಗಿಯೇ ತಿದ್ದಿಕೊಳ್ಳುತ್ತಾರೆ ಎಂಬುದು ಪ್ರವಾದಿಗಳ ಅಭಿಪ್ರಾಯವೆಂದು ಹಲವರು ತಿಳಿದಿದ್ದಾರೆ. ಆಮೋಸ 4:6–11 ಓದಿದರೆ ಈ ತಿಳುವಳಿಕೆ ಉಳಿಯುವುದಿಲ್ಲ. ಬರ, ಬೆಳೆರೋಗ, ಮಿಡತೆ, ವ್ಯಾಧಿ, ಕತ್ತಿ ಎಲ್ಲ ಬಂದವು. ತಿನ್ನಲು ಏನೂ ಇಲ್ಲದೆ ಹಲ್ಲುಗಳು ಶುಭ್ರವಾದವೆಂದು ಕಹಿಯಾಗಿ ಹೇಳುತ್ತಾನೆ. ‘ಆದರೂ ನೀವು ನನ್ನ ಕಡೆಗೆ ತಿರುಗಲಿಲ್ಲ’ ಎಂಬ ಪಲ್ಲವಿ ಐದು ಸಲ ಬರುತ್ತದೆ. ನೀಲಿ ಪೆನ್ಸಿಲ್‌ನಿಂದ ಐದನ್ನೂ ಗುರುತಿಸಿ.

4. ತಿರುಗಿದ್ದು ನಿಜವೇ ಎಂದು ಪ್ರವಾದಿ ಹೇಗೆ ಪರೀಕ್ಷಿಸುತ್ತಾನೆ ನೋಡಿ

ಹೋಶೇಯ 6:1–3 ಕೇಳಲು ಎಷ್ಟು ಚೆನ್ನಾಗಿದೆಯೆಂದರೆ ಅಲ್ಲಿಗೇ ಪುಸ್ತಕ ಮುಚ್ಚಬೇಕೆನ್ನಿಸುತ್ತದೆ. ಬನ್ನಿ, ತಿರುಗಿ ಹೋಗೋಣ, ಆತ ಸೀಳಿದ್ದಾನೆ, ಆತನೇ ವಾಸಿಮಾಡುತ್ತಾನೆ. ನಾನೂ ಬಹುಕಾಲ ಇದನ್ನು ಆದರ್ಶ ಪ್ರಾರ್ಥನೆಯೆಂದೇ ಓದುತ್ತಿದ್ದೆ. ನಾಲ್ಕನೆಯ ವಚನಕ್ಕೆ ಹೋದಾಗಲೇ ದೇವರ ಉತ್ತರ ಕೇಳಿಸುವುದು: ಎಫ್ರಾಯೀಮೇ (ಉತ್ತರದ ಇಸ್ರಾಯೇಲ್ ರಾಜ್ಯದ ಇನ್ನೊಂದು ಹೆಸರು), ನಿನ್ನನ್ನು ಏನು ಮಾಡಲಿ? ನಿಮ್ಮ ಪ್ರೀತಿ ಬೆಳಗಿನ ಮಂಜು, ಬಿಸಿಲೇರುವ ಹೊತ್ತಿಗೆ ಮಾಯ. ಆ ಸುಂದರ ಪ್ರಾರ್ಥನೆಯಲ್ಲಿ ಏನು ಕೊರತೆಯೆಂದು ಹುಡುಕಿ. ಮಾಡಿದ ತಪ್ಪು ಯಾವುದೆಂದು ಅದರಲ್ಲಿ ಒಂದು ಪದವೂ ಇಲ್ಲ.

ಮುಂದೆ ಯೆಶಾಯ 58. ಉಪವಾಸ ಮಾಡಿದೆವು, ನೀನೇಕೆ ನೋಡಲಿಲ್ಲ ಎಂದು ಜನ ದೇವರನ್ನೇ ಆಕ್ಷೇಪಿಸುತ್ತಾರೆ. ಉಪವಾಸದ ದಿನವೇ ನಿಮ್ಮ ವ್ಯವಹಾರ ನೋಡಿಕೊಂಡು ಕೂಲಿಯಾಳುಗಳನ್ನು ಹಿಂಡುತ್ತೀರಿ. ಜೊಂಡಿನಂತೆ ತಲೆ ಬಾಗಿಸಿ, ಗೋಣಿತಟ್ಟನ್ನೂ ಬೂದಿಯನ್ನೂ ಹಾಸಿಕೊಂಡರೆ ಉಪವಾಸವಾಯಿತೇ? ಗೋಣಿತಟ್ಟು ಎಂದರೆ ದುಃಖದಲ್ಲಿ ಉಡುತ್ತಿದ್ದ ಒರಟು ಬಟ್ಟೆ. ನೊಗದ ಕಟ್ಟು ಬಿಚ್ಚುವುದು, ಹಸಿದವನೊಂದಿಗೆ ರೊಟ್ಟಿ ಹಂಚಿಕೊಳ್ಳುವುದು, ಬಟ್ಟೆಯಿಲ್ಲದವನಿಗೆ ಹೊದಿಸುವುದು ಎಂದು ಮುಂದಿನ ಪಟ್ಟಿ. ಯೆಹೂದಿಗಳ ಅತಿ ದೊಡ್ಡ ಉಪವಾಸದ ದಿನವಾದ ಯೋಮ್ ಕಿಪ್ಪುರ್‌ನ ಬೆಳಗಿನ ಆರಾಧನೆಯಲ್ಲಿ ಓದಲು ಆರಿಸಿಕೊಂಡಿರುವುದು ಉಪವಾಸವನ್ನೇ ಜರೆಯುವ ಈ ಭಾಗವನ್ನು. ಅದೇ ದಿನ ಮಧ್ಯಾಹ್ನ ಯೋನನ ಪುಸ್ತಕ.

ಯೋನನಲ್ಲಿ ಅಶ್ಶೂರ್ಯರ ಪಟ್ಟಣವಾದ ನಿನೆವೆಯವರು ದನಕುರಿಗಳಿಗೂ ಗೋಣಿತಟ್ಟು ಹೊದಿಸುತ್ತಾರೆ. ನಗು ಬರುವ ಚಿತ್ರವೇ. ಆದರೆ 3:10ರಲ್ಲಿ ದೇವರು ಕಂಡದ್ದು ಏನನ್ನು? ಅವರು ತಮ್ಮ ಕೆಟ್ಟ ದಾರಿಯಿಂದ ತಿರುಗಿದ್ದನ್ನು. ಬರಗಾಲದ ಉಪವಾಸದಲ್ಲಿ ಊರಿನ ಹಿರಿಯನು ಜನರಿಗೆ ಹೇಳಬೇಕಾದ ಮಾತೆಂದು ಯೆಹೂದಿ ಧರ್ಮಗುರುಗಳ ಪ್ರಾಚೀನ ಸಂಗ್ರಹವಾದ ಮಿಶ್ನಾ ಇದನ್ನೇ ಕೊಡುತ್ತದೆ: ಅವರ ಗೋಣಿತಟ್ಟನ್ನೂ ಉಪವಾಸವನ್ನೂ ದೇವರು ಕಂಡನೆಂದು ಅಲ್ಲಿ ಬರೆದಿಲ್ಲ. ಕದ್ದ ತೊಲೆಯನ್ನು ಅರಮನೆಗೆ ಸೇರಿಸಿ ಕಟ್ಟಿದ್ದರೂ ಕಟ್ಟಡವನ್ನು ಕೆಡವಿ ತೊಲೆಯನ್ನು ಒಡೆಯನಿಗೆ ಕೊಡಬೇಕು ಎಂದು, ಮಿಶ್ನಾವನ್ನು ಚರ್ಚಿಸುವ ಗ್ರಂಥವಾದ ತಾಲ್ಮುದ್ ಈ ಅಧ್ಯಾಯದ ಅರ್ಥವನ್ನು ಇನ್ನಷ್ಟು ಬಿಗಿಮಾಡುತ್ತದೆ.

ಈ ಹಂತದ ಕೊನೆಯ ಓದು, ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು, ಯೆರೆಮೀಯ 34. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಚಿದ್ಕೀಯ ರಾಜನೂ ಶ್ರೀಮಂತರೂ ದೇವಾಲಯದಲ್ಲಿ ಒಡಂಬಡಿಕೆ ಮಾಡಿಕೊಳ್ಳುತ್ತಾರೆ. ಕರುವನ್ನು ಎರಡು ಹೋಳು ಮಾಡಿ ನಡುವೆ ಹಾದುಹೋಗಿ, ತಮ್ಮ ಇಬ್ರಿಯ, ಅಂದರೆ ತಮ್ಮದೇ ಜನಾಂಗದ, ದಾಸದಾಸಿಯರನ್ನು ಬಿಡುಗಡೆ ಮಾಡುತ್ತಾರೆ. ಸೈನ್ಯ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಬಿಟ್ಟವರನ್ನೆಲ್ಲ ಮತ್ತೆ ಹಿಡಿತಂದು ದುಡಿಸಿಕೊಳ್ಳುತ್ತಾರೆ. ಹೀಬ್ರೂ ಪಠ್ಯ ಇಲ್ಲಿ ಶೂವ್ ಎಂಬ ಒಂದೇ ಧಾತುವನ್ನು ಚಾವಟಿಯಂತೆ ಬೀಸುತ್ತದೆ. 15ರಲ್ಲಿ: ನೀವು ತಿರುಗಿ ಸರಿಯಾದದ್ದನ್ನು ಮಾಡಿದಿರಿ. 16ರಲ್ಲಿ: ಮತ್ತೆ ತಿರುಗಿ ನನ್ನ ಹೆಸರನ್ನು ಹೊಲೆಮಾಡಿದಿರಿ, ನಿಮ್ಮ ದಾಸರನ್ನು ತಿರುಗಿಸಿ ತಂದಿರಿ. 22ರಲ್ಲಿ: ನಾನೂ ಆ ಸೈನ್ಯವನ್ನು ಈ ಪಟ್ಟಣಕ್ಕೆ ತಿರುಗಿಸಿ ತರುತ್ತೇನೆ. ನಾಲ್ಕು ಕಡೆಯೂ ನೀಲಿ ಗುರುತು ಹಾಕಿ, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯಿರಿ.

5. ಯೆರೆಮೀಯ 31:18–20ನ್ನು ಪದಪದವಾಗಿ ಓದಿ

ಎರಡೂ ಬಣ್ಣಗಳು ಒಟ್ಟಿಗೆ ಬರುವ ಜಾಗ ಇದು. ಮಾತಾಡುತ್ತಿರುವುದು ಎಫ್ರಾಯೀಮ್, ಅಂದರೆ ನೂರು ವರ್ಷಕ್ಕೂ ಹಿಂದೆ ಬಿದ್ದುಹೋಗಿದ್ದ ಉತ್ತರ ರಾಜ್ಯ. ಅವನ ಅಳುವಿನಲ್ಲಿ ಐದು ಸಂಗತಿಗಳಿವೆ, ಕ್ರಮವನ್ನು ಗಮನಿಸಿ. ಪಳಗದ ಹೋರಿಕರುವಿನಂತೆ ನನ್ನನ್ನು ಶಿಕ್ಷಿಸಿದೆ, ಶಿಕ್ಷೆಗೊಳಗಾದೆ. ನನ್ನನ್ನು ತಿರುಗಿಸು, ಆಗ ತಿರುಗುವೆ. ತಪ್ಪಿಹೋದ ಮೇಲೆ ಮರುಗಿದೆ. ತಿಳುವಳಿಕೆ ಬಂದ ಮೇಲೆ ತೊಡೆ ಬಡಿದುಕೊಂಡೆ. ನಾಚಿಕೆಪಟ್ಟೆ, ಅವಮಾನಗೊಂಡೆ, ಯೌವನದ ನಿಂದೆಯನ್ನು ಹೊತ್ತಿದ್ದೇನೆ.

ಎರಡನೆಯ ಹಂತದಲ್ಲಿ ಬರೆದುಕೊಂಡ ಪದಗಳೆಲ್ಲ, ಶೂವ್, ನಿಹಮ್, ಬೋಶ್, ಕೆಲಿಮ್ಮಾದ ಧಾತು, ಹೆರ್ಪಾ, ಈ ಎರಡು ವಚನಗಳಲ್ಲಿ ಸಾಲಾಗಿ ನಿಂತಿವೆ. ತಿರುಗುವ ಶಕ್ತಿಯೂ ತನ್ನದಲ್ಲವೆಂದು ಎಫ್ರಾಯೀಮ್ ಮೊದಲೇ ಒಪ್ಪಿಕೊಳ್ಳುತ್ತಾನೆ. ನಾಚಿಕೆ ಬರುವುದು ಕೊನೆಗೆ, ತಿಳುವಳಿಕೆ ಬಂದ ಮೇಲೆ. ತೊಡೆ ಬಡಿದುಕೊಳ್ಳುವುದು ಸಂಕಟದ ಸನ್ನೆ. ನಮ್ಮಲ್ಲಿ ಹಣೆ ಹಣೆ ಚಚ್ಚಿಕೊಳ್ಳುತ್ತಾರಲ್ಲ, ಹಾಗೆ.

20ನೆಯ ವಚನದಲ್ಲಿ ದೇವರು ಈ ನಾಚಿಕೆಯನ್ನು ಅಳೆದು ನೋಡುವುದಿಲ್ಲ, ಸಾಕೋ ಸಾಲದೋ ಎನ್ನುವುದಿಲ್ಲ. ಎಫ್ರಾಯೀಮ್ ನನ್ನ ಮುದ್ದಿನ ಮಗನಲ್ಲವೇ, ಅವನ ವಿರುದ್ಧ ಮಾತಾಡಿದಷ್ಟೂ ಅವನ ನೆನಪು ಬರುತ್ತದೆ, ನನ್ನ ಕರುಳು ಮಿಡಿಯುತ್ತದೆ ಎನ್ನುತ್ತಾನೆ. ಇಲ್ಲಿ ಹೀಬ್ರೂ ಹೇಳುವುದೂ ಒಡಲಿನ ಒಳಭಾಗವನ್ನೇ. ಕನ್ನಡದ ‘ಕರುಳು’ ಸರಿಯಾಗಿ ಒಪ್ಪುತ್ತದೆ. ಲೇಖನದ ಮೊದಲಲ್ಲಿದ್ದ ‘ಎಷ್ಟು ನಾಚಿಕೆಪಟ್ಟರೆ ಸಾಕು’ ಎಂಬ ಪ್ರಶ್ನೆಯನ್ನು ಈ ವಚನದ ಪಕ್ಕದಲ್ಲಿಟ್ಟು ನೋಡಿ.

6. ಯೆಹೆಜ್ಕೇಲನಲ್ಲಿ ಕ್ರಮ ತಲೆಕೆಳಗಾಗುವುದನ್ನು ಗಮನಿಸಿ

ಅವಸರದಲ್ಲಿ ಈ ಹಂತಕ್ಕೆ ಬರಬೇಡಿ. ಮೊದಲು 33:10–11 ಓದಿ. ಸೆರೆಯಲ್ಲಿದ್ದವರು ಹೇಳುತ್ತಾರೆ: ನಮ್ಮ ಪಾಪಗಳ ಭಾರದಲ್ಲಿ ಕ್ಷಯಿಸಿಹೋಗುತ್ತಿದ್ದೇವೆ, ಬದುಕುವುದು ಹೇಗೆ? ಇದೂ ತಪ್ಪೊಪ್ಪಿಗೆಯೇ, ಆದರೆ ಕಾಲು ಕದಲಿಸದ ತಪ್ಪೊಪ್ಪಿಗೆ. ಇನ್ನಷ್ಟು ನಾಚಿಕೆಪಡಿರಿ ಎಂದು ಪ್ರವಾದಿ ಅವರಿಗೆ ಹೇಳುವುದಿಲ್ಲ. ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ, ತಿರುಗಿರಿ, ತಿರುಗಿರಿ, ಏಕೆ ಸಾಯುವಿರಿ ಎನ್ನುತ್ತಾನೆ. ತಮ್ಮ ಹಳೆಯ ತಪ್ಪಿನ ಭಾರದಲ್ಲಿ ಕುಗ್ಗಿಹೋಗಿ ಈ ಗ್ರಂಥಗಳನ್ನು ಓದುವವರು ಬೇರೆಲ್ಲಕ್ಕಿಂತ ಮೊದಲು ಓದಬೇಕಾದದ್ದು ಈ ಎರಡು ವಚನಗಳನ್ನು.

ನಂತರ 36:24–32. ಒಂದೊಂದು ಕ್ರಿಯೆಗೂ ಕ್ರಮಸಂಖ್ಯೆ ಹಾಕಿ. ನಿಮ್ಮನ್ನು ಕರೆತರುವೆನು, ನೀರು ಚಿಮುಕಿಸಿ ಶುದ್ಧಮಾಡುವೆನು, ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವೆನು, ಬೆಳೆ ಹೆಚ್ಚಿಸುವೆನು. ಇಷ್ಟೆಲ್ಲ ಆದ ಮೇಲೆ, 31ರಲ್ಲಿ, ನಿಮ್ಮ ಕೆಟ್ಟ ನಡತೆ ನೆನಪಾಗಿ ನಿಮಗೆ ನೀವೇ ಹೇಸಿಕೊಳ್ಳುವಿರಿ. 16:63ರಲ್ಲಂತೂ, ನೀನು ಮಾಡಿದ್ದನ್ನೆಲ್ಲ ನಾನು ಕ್ಷಮಿಸಿದಾಗ ನೀನು ನೆನಪಿಸಿಕೊಂಡು ನಾಚುವಿ, ಮತ್ತೆ ಬಾಯಿ ತೆರೆಯಲಾರೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕ್ಷಮೆ ಅರೆಬರೆಯಾದ್ದರಿಂದ ಉಳಿದ ನಾಚಿಕೆ ಇದಲ್ಲ. ಕಲ್ಲಿನ ಹೃದಯಕ್ಕೆ ನಾಚಿಕೊಳ್ಳಲು ಬರುವುದಿಲ್ಲ; ಮಾಂಸದ ಹೃದಯ ಬಂದ ಮೇಲೆ ಮೊದಲು ಮರಳುವ ಸಂವೇದನೆಗಳಲ್ಲಿ ಇದೊಂದು. ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗ ಮೊದಲು ನೋವೇ ಆಗುವುದಲ್ಲವೇ? ಯೆರೆಮೀಯನ ದೂರು ನೆನಪಿಸಿಕೊಳ್ಳಿ: ಮುಖ ಕೆಂಪಾಗುವುದು ಹೇಗೆಂದು ಅವರಿಗೆ ತಿಳಿಯದು. ಯೆಹೆಜ್ಕೇಲನ ವಾಗ್ದಾನ ಆ ದೂರಿಗೆ ಉತ್ತರದಂತಿದೆ. ಬಾಯಿ ಮುಚ್ಚುವುದೆಂದರೂ, ನನ್ನ ಓದಿನಲ್ಲಿ, ಮೂಕರಾಗುವುದಲ್ಲ. ‘ದೇವರ ದಾರಿ ಸರಿಯಿಲ್ಲ’ ಎಂದು 18:25ರಿಂದ ಗೊಣಗುತ್ತಿದ್ದ ಬಾಯಿ ಅದು. ಆ ಗೊಣಗು ನಿಲ್ಲುತ್ತದೆ.

ಇದರ ಅತ್ಯಂತ ವಿಚಿತ್ರವಾದ ಉದಾಹರಣೆ 43:10–11. ಸೆರೆಯ 25ನೆಯ ವರ್ಷ. ಯೆರೂಸಲೇಮಿನಲ್ಲಿ ದೇವಾಲಯವೇ ಇಲ್ಲ. ಹೊಸ ದೇವಾಲಯದ ಅಳತೆಗಳನ್ನು ಜನರಿಗೆ ವಿವರಿಸು, ಅವರು ತಮ್ಮ ಪಾಪಗಳಿಗೆ ನಾಚಿಕೊಳ್ಳಲಿ ಎಂದು ದೇವರು ಹೇಳುತ್ತಾನೆ. ಬೈಗುಳವಿಲ್ಲ, ದೂರಿನ ಪಟ್ಟಿಯಿಲ್ಲ. ಬಾಗಿಲು, ಅಂಗಳ, ಗೋಡೆಯ ದಪ್ಪ ಇಷ್ಟನ್ನು ಮೊಳದ ಲೆಕ್ಕದಲ್ಲಿ ತೋರಿಸಿದರೆ ಸಾಕು, ಕಳೆದುಕೊಂಡದ್ದೇನೆಂದು ಅವರಿಗೇ ಹೊಳೆಯುತ್ತದೆ.

ಎರಡು ಎಚ್ಚರಿಕೆಗಳು. 16 ಮತ್ತು 23ನೆಯ ಅಧ್ಯಾಯಗಳು ಪಟ್ಟಣವನ್ನು ಗಂಡನಿಗೆ ದ್ರೋಹ ಬಗೆದ ಹೆಂಗಸಾಗಿ ಚಿತ್ರಿಸಿ ಬತ್ತಲೆಮಾಡಿ ದಂಡಿಸುತ್ತವೆ. ಹೆಂಗಸರ ಮೇಲಿನ ಹಿಂಸೆಗೆ ಸಮರ್ಥನೆಯಾಗಿ ಇವನ್ನು ಬಳಸಿದವರಿದ್ದಾರೆ. ರೂಪಕ ಕ್ರೂರವಾಗಿದೆ ಎಂದು ಒಪ್ಪಿಕೊಂಡೇ ಓದಿ, ಗುಂಪಿನಲ್ಲಿ ಓದುವಾಗ ಯಾರ ಮುಂದೆ ಓದುತ್ತಿದ್ದೀರೆಂಬ ಗಮನವಿರಲಿ. 16ನ್ನು ಸಭಾಮಂದಿರದಲ್ಲಿ ಪ್ರವಾದಿ ವಾಚನವಾಗಿ ಓದಬಾರದೆಂದು ರಬ್ಬಿ ಎಲಿಯೇಜರ್ ಹೇಳಿದ್ದನ್ನು ಮಿಶ್ನಾ ದಾಖಲಿಸಿದೆ. ಈ ಮುಜುಗರ ನಮ್ಮ ಕಾಲದ್ದಷ್ಟೇ ಅಲ್ಲ. ಎರಡನೆಯದಾಗಿ, ಈ ದೂರುಗಳನ್ನು ‘ಯೆಹೂದಿಗಳು ಹಾಗಿದ್ದರು’ ಎಂದು ಓದಬೇಡಿ. ತಮ್ಮವರೇ ತಮ್ಮವರಿಗೆ ಆಡಿದ ಈ ಮಾತನ್ನು ಅಳಿಸದೆ ನಕಲು ಮಾಡಿ, ವರ್ಷವರ್ಷವೂ ಗಟ್ಟಿಯಾಗಿ ಓದಿಕೊಂಡು ಬಂದವರು ಅದೇ ಜನ.

7. ಕೊನೆಗೆ ಹೋಶೇಯ 14, ಪೆನ್ನು ಹಿಡಿದು

ಯೆಹೂದಿ ಹೊಸವರ್ಷಕ್ಕೂ ಯೋಮ್ ಕಿಪ್ಪುರ್‌ಗೂ ನಡುವೆ ಬರುವ ಸಬ್ಬತ್ತಿಗೆ, ಅಂದರೆ ವಾರದ ವಿಶ್ರಾಂತಿಯ ದಿನಕ್ಕೆ, ‘ಶಬ್ಬಾತ್ ಶೂವಾ’ ಎಂದು ಹೆಸರು ಬಂದಿರುವುದು ಈ ಅಧ್ಯಾಯದ ಮೊದಲ ಪದದಿಂದ: ಇಸ್ರಾಯೇಲೇ, ತಿರುಗು. ಎರಡನೆಯ ವಚನದಲ್ಲಿ ಪ್ರವಾದಿ ಹೇಳುವುದು ವಿಶೇಷವಾಗಿದೆ. ಹೋರಿ, ಟಗರುಗಳನ್ನು ತನ್ನಿ ಎನ್ನುವುದಿಲ್ಲ, ಮಾತುಗಳನ್ನು ತೆಗೆದುಕೊಂಡು ತಿರುಗಿ ಬನ್ನಿ ಎನ್ನುತ್ತಾನೆ. ನಂತರ ಆ ಮಾತು ಯಾವುದೆಂದು ತಾನೇ ಬರೆದುಕೊಡುತ್ತಾನೆ. ಇಲ್ಲಿ ಕೆಲವು ಪ್ರತಿಗಳಲ್ಲಿ ‘ತುಟಿಗಳ ಹೋರಿಗಳು’ ಎಂದೂ ಕೆಲವುಗಳಲ್ಲಿ ‘ತುಟಿಗಳ ಫಲ’ ಎಂದೂ ಇದ್ದರೆ ಗೊಂದಲ ಬೇಡ. ಹೀಬ್ರೂ ಪಠ್ಯದಲ್ಲಿ ಹೋರಿ, ಪ್ರಾಚೀನ ಗ್ರೀಕ್ ಅನುವಾದದಲ್ಲಿ ಫಲ.

ಆರನೆಯ ಅಧ್ಯಾಯದ ಪ್ರಾರ್ಥನೆಯನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ, ಇದನ್ನು ಬಲಪುಟದಲ್ಲಿ ಬರೆಯಿರಿ. ಎಡಕ್ಕೆ ಮಳೆ, ಮುಂಜಾವು, ಮೂರನೆಯ ದಿನ. ಬಲಕ್ಕೆ: ಅಶ್ಶೂರ್ಯ ನಮ್ಮನ್ನು ಉಳಿಸದು, ಕುದುರೆಗಳನ್ನು ಹತ್ತೆವು, ನಮ್ಮ ಕೈಕೆಲಸಕ್ಕೆ ‘ನಮ್ಮ ದೇವರೇ’ ಎನ್ನೆವು. ಪರರಾಜ್ಯದ ಮೈತ್ರಿ, ಯುದ್ಧದ ಕುದುರೆ, ವಿಗ್ರಹ, ಮೂರನ್ನೂ ಹೆಸರಿಟ್ಟು ಕೆಳಗಿಟ್ಟಿದೆ. ಕೊನೆಗೆ ಒಂದು ಸಾಲು: ತಬ್ಬಲಿಗೆ ಕರುಣೆ ಸಿಗುವುದು ನಿನ್ನಲ್ಲಿ.

ನಾಚಿಕೆಯ ಪದಕ್ಕಾಗಿ ಕೆಂಪು ಪೆನ್ಸಿಲ್ ಹಿಡಿದು ಹುಡುಕಿದರೆ ಈ ಪ್ರಾರ್ಥನೆಯಲ್ಲಿ ಒಂದೂ ಸಿಗುವುದಿಲ್ಲ. ನಾಲ್ಕನೆಯ ವಚನದಲ್ಲಿ ದೇವರ ಉತ್ತರವಿದೆ. ಈ ಸಲ ‘ನಿನ್ನನ್ನು ಏನು ಮಾಡಲಿ’ ಎಂದಿಲ್ಲ. ಅವರ ಮೆಶೂವಾವನ್ನು, ಆ ತಿರುಗಿಬಿದ್ದ ರೋಗವನ್ನೇ, ವಾಸಿಮಾಡುವೆನು ಎಂದಿದೆ. ಅಲ್ಲಿಗೊಂದು ನೀಲಿ ಗೆರೆ ಹಾಕಿ, ಐದನೆಯ ವಚನದ ಇಬ್ಬನಿಯವರೆಗೆ ಓದಿಕೊಂಡು ಹೋಗಿ. ಆರನೆಯ ಅಧ್ಯಾಯದಲ್ಲಿ ಬಿಸಿಲಿಗೆ ಮಾಯವಾಗುವ ಇಬ್ಬನಿ ಜನರ ಪ್ರೀತಿಯಾಗಿತ್ತು, ಇಲ್ಲಿ ಇಸ್ರಾಯೇಲಿನ ಮೇಲೆ ಇಳಿಯುವ ಇಬ್ಬನಿ ದೇವರೇ.